ಗದ್ದುಗೆಯೇರದ ಯತಿ

ಬೀದರದಿಂದ ರೈಲುಬಂಡಿಯಲ್ಲಿ ಭಾಲ್ಕಿ, ಕಮಲನಗರಗಳನ್ನು ದಾಟಿ ಉದಗೀರಕ್ಕೆ ಸಾಗುವ ಪ್ರಯಾಣಿಕನು ನಡುವೆ ಎಲ್ಲಿಯೋ ಕರ್ನಾಟಕದ ಗಡಿಯನ್ನು ಕಳೆದು ಮಹಾರಾಷ್ಟ್ರವನ್ನು ಸೇರುತ್ತಾನೆ. ಗಡಿಯ ಆಚೆಗೂ ಈಚೆಗೂ ನೆಲ ಒಂದೇ, ಬೆಳೆ ಒಂದೇ. 1956ರ ಅಕ್ಟೋಬರ್ ಕೊನೆಯವರೆಗೆ ಈ ಊರುಗಳೆಲ್ಲವೂ ಒಂದೇ ಜಿಲ್ಲೆಗೆ, ಹೈದರಾಬಾದು ರಾಜ್ಯದ ಬೀದರ ಜಿಲ್ಲೆಗೆ, ಸೇರಿದ್ದವು. ಆ ರಾಜ್ಯವನ್ನು ನಿಜಾಮನ ಆಳ್ವಿಕೆಯಿಂದ ಬಿಡಿಸಲೆಂದು ಸೆರೆವಾಸವನ್ನನುಭವಿಸಿದ ಮಹನೀಯರೇ ಮುಂದೆ ಅದು ಉಳಿಯಬಾರದೆಂದು ವಾದಿಸಿದರು. ಅವರೇ ಸ್ವಾಮಿ ರಾಮಾನಂದ ತೀರ್ಥರು.

1903ರ ಅಕ್ಟೋಬರ್ 3ರಂದು ಸಿಂದಗಿಯಲ್ಲಿ ಜನಿಸಿದ ವೆಂಕಟೇಶ ಖೇಡಗೀಕರ ಎಂಬ ಬಾಲಕನನ್ನು ಅಸಹಕಾರದ ಅಲೆ ಶಾಲೆಯಿಂದ ಹೊರಸೆಳೆಯಿತು. ಪುಣೆಯ ತಿಲಕ ವಿದ್ಯಾಪೀಠದಲ್ಲಿ ಕಲಿತ ಆತ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ದುಡಿದನು. ಅನಂತರ ನಿಜಾಮನ ಸೀಮೆಗೆ ಬಂದು ಹಿಪ್ಪರಗೆಯ ರಾಷ್ಟ್ರೀಯ ಶಾಲೆಯಲ್ಲಿ ಅಧ್ಯಾಪಕನಾದನು. 1932ರಲ್ಲಿ ಸನ್ಯಾಸವನ್ನು ಸ್ವೀಕರಿಸಿದರೂ ಅವರು ಮಠವನ್ನು ಕಟ್ಟಲಿಲ್ಲ. ಕಾವಿಯನ್ನುಟ್ಟೇ ಮೋಮಿನಾಬಾದಿನ ಶಾಲೆಯಲ್ಲಿ ಪಾಠ ಹೇಳಿದರು, ರಾಜಕೀಯಕ್ಕೂ ಕಾಲಿರಿಸಿದರು.

1938ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ಸರಕಾರ ಅದನ್ನು ನಿಷೇಧಿಸಿತು. ಸತ್ಯಾಗ್ರಹಕ್ಕಿಳಿದ ಸ್ವಾಮಿಗಳು ಸೆರೆ ಸೇರಿದರು. ಅವರೆದುರು ನಿಂತ ಇನ್ನೊಂದು ವ್ಯಕ್ತಿತ್ವವೆಂದರೆ ಬೂರ್ಗುಲ ರಾಮಕೃಷ್ಣರಾಯರದು. 1899ರಲ್ಲಿ ಜನಿಸಿದ ರಾಯರೂ ಪುಣೆಯಲ್ಲಿಯೇ, ಫರ್ಗ್ಯುಸನ್ ಕಾಲೇಜಿನಲ್ಲಿ, ಓದಿದವರು. ಹೈದರಾಬಾದಿನ ಹೆಸರಾಂತ ವಕೀಲರು. ತೆಲುಗು, ಸಂಸ್ಕೃತ, ಉರ್ದು, ಪಾರಸಿಗಳನ್ನು ಬಲ್ಲ ಪಂಡಿತರು. ಸರಕಾರದೊಡನೆ ಮಾತುಕತೆ ನಡೆಸಿ ಮೆಟ್ಟಿಲು ಮೆಟ್ಟಿಲಾಗಿ ಅಧಿಕಾರವನ್ನು ಪಡೆಯಬಹುದೆಂಬುದು ರಾಯರ ಬಳಗದ ನಂಬಿಕೆ. ಪೂರ್ಣ ಜವಾಬ್ದಾರಿ ಸರಕಾರಕ್ಕಿಂತ ಕಡಿಮೆಯಾದುದನ್ನು ಮುಟ್ಟಲಾಗದೆಂಬುದು ಸ್ವಾಮಿಗಳ ಹಟ. ಒಬ್ಬರದು ನ್ಯಾಯಾಲಯದ ತಾಳ್ಮೆ, ಮತ್ತೊಬ್ಬರದು ಸನ್ಯಾಸಿಯ ನಿಷ್ಠುರತೆ. ಗುರಿ ಒಂದೇ ಆಗಿದ್ದ ಇವರ ನಡುವಣ ಬಿರುಕು, 1946ರಲ್ಲಿ ನಿಷೇಧ ತೆರವಾಗಿ ಅಧ್ಯಕ್ಷಪದವಿ ಸ್ವಾಮಿಗಳಿಗೆ ಬಂದ ಮೇಲೆ ಎಲ್ಲರಿಗೂ ಕಾಣುವಷ್ಟು ಅಗಲವಾಯಿತು.

ಸ್ವಾಮಿಗಳ ಬೆನ್ನಿಗಿದ್ದವರು ಎಡಪಂಥದ ಒಲವಿನ ತರುಣರು. ಅವರಲ್ಲಿ ಪ್ರಮುಖರಾದ ಗೋವಿಂದಭಾಯಿ ಶ್ರಾಫರು ವಿಜಯಪುರದಲ್ಲಿ ಹುಟ್ಟಿದವರು. ಸೆರೆಯ ದಿನಗಳಲ್ಲಿ ಗಟ್ಟಿಯಾಗಿದ್ದ ಈ ಸ್ನೇಹಕ್ಕೂ ಸ್ವಾತಂತ್ರ್ಯವೇ ಪರೀಕ್ಷೆಯಾಯಿತು. ಶ್ರಾಫರು ಕಾಂಗ್ರೆಸ್ಸನ್ನು ತೊರೆದರು, ಸ್ವಾಮಿಗಳು ಅಲ್ಲಿಯೇ ಉಳಿದರು.

1947ರ ಆಗಸ್ಟ್ 15ರಂದು ದೇಶವೆಲ್ಲ ಹಬ್ಬವನ್ನಾಚರಿಸುತ್ತಿದ್ದಾಗ ಸ್ವಾಮಿಗಳು ನಿಜಾಮನ ಬಂದಿಯಾದರು. ಮುಂದಿನ ವರ್ಷ ಬೀದರ ಸೀಮೆ ಇಮ್ಮಡಿಯಾದ ದುಃಖವನ್ನುಂಡಿತು. ಮೊದಲು ರಜಾಕಾರರ ಹಾವಳಿಗೆ ಗೋರಟದಂಥ ಗ್ರಾಮಗಳು ನಲುಗಿದವು. ಸೆಪ್ಟೆಂಬರ್ 17ರಂದು ನಿಜಾಮನು ಶರಣಾದ ಮೇಲೆ ಸೇಡಿನ ಹಿಂಸೆಗೆ ನಿರಪರಾಧಿಗಳಾದ ಮುಸಲ್ಮಾನರು ಬಲಿಯಾದರು. ನೊಂದ ಜನರ ಕಣ್ಣೀರನ್ನೊರೆಸಬೇಕಾಗಿದ್ದ ಕಾಂಗ್ರೆಸ್ಸು ಆ ಗಳಿಗೆಯಲ್ಲಿಯೂ ಎರಡು ಬಣಗಳಾಗಿ ನಿಂತಿತ್ತೆಂಬುದು ಆ ಚರಿತ್ರೆಯ ಕಹಿಯಾದ ಪುಟ.

1950ರಲ್ಲಿ ವೆಲ್ಲೋಡಿಯವರ ಮಂತ್ರಿಮಂಡಲವನ್ನು ಸೇರಿದ ರಾಮಕೃಷ್ಣರಾಯರು ಕಂದಾಯಖಾತೆಯನ್ನು ವಹಿಸಿಕೊಂಡರು. ಗೇಣಿದಾರರಿಗೆ ರಕ್ಷಣೆಯನ್ನಿತ್ತ ಶಾಸನ ಆ ವರ್ಷದ್ದೇ. 1952ರ ಚುನಾವಣೆಯ ತರುವಾಯ ಅವರು ಮುಖ್ಯಮಂತ್ರಿಗಳಾದರು. ಹೋರಾಟದ ಮುಂಚೂಣಿಯಲ್ಲಿದ್ದ ಸ್ವಾಮಿಗಳಾದರೋ ಕಲಬುರ್ಗಿಯಿಂದ ಆಯ್ಕೆಗೊಂಡು ಲೋಕಸಭೆಗೆ ತೆರಳಿದರು. ಮಂತ್ರಿಪದವಿಯನ್ನು ಎಂದಿಗೂ ಹಿಡಿಯಲಿಲ್ಲ. ಹಾಗೆಂದು ಅವರನ್ನು ತ್ಯಾಗಿಯೆಂದೂ ರಾಯರನ್ನು ಅಧಿಕಾರದಾಹಿಯೆಂದೂ ಬಗೆಯುವುದು ಸಲ್ಲದು. ಬಂಡಾಯಕ್ಕೆ ಬೇಕಾದ ಗುಣ ಬೇರೆ, ಆಡಳಿತಕ್ಕೆ ಬೇಕಾದ ಗುಣ ಬೇರೆ. ಹೊಸದಾಗಿ ಹುಟ್ಟಿದ ನಾಡಿಗೆ ಇವೆರಡೂ ಬೇಕು.

ನಿಜಾಮನು ರಾಜಪ್ರಮುಖನಾಗಿ ಉಳಿದಿದ್ದ ಆ ರಾಜ್ಯ ಸ್ವಾಮಿಗಳಿಗೆ ಹಳೆಯ ಸಂಸ್ಥಾನದ ನೆರಳಿನಂತೆ ತೋರಿತು. ಕನ್ನಡ, ತೆಲುಗು, ಮರಾಠಿ ಪ್ರದೇಶಗಳು ತಂತಮ್ಮ ಭಾಷೆಯ ಬಂಧುಗಳೊಡನೆ ಕೂಡಬೇಕೆಂದು ಅವರು ಸಾರಿದರು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗವಾದರೋ ಬೀದರ ಜಿಲ್ಲೆಯನ್ನು ತೆಲಂಗಾಣದೊಡನೆ ಉಳಿದ ಹೈದರಾಬಾದು ರಾಜ್ಯದಲ್ಲಿರಿಸಲು ಸೂಚಿಸಿತು. ಕಡೆಗೆ ಆ ಸೂಚನೆ ಬಿದ್ದುಹೋಯಿತು. ರಾಮಕೃಷ್ಣರಾಯರೂ ವಿಶಾಲಾಂಧ್ರಕ್ಕೆ ಸಮ್ಮತಿಯನ್ನಿತ್ತು, ತಾವು ಕುಳಿತಿದ್ದ ಗದ್ದುಗೆಯೇ ಇಲ್ಲವಾಗುವುದನ್ನು ಒಪ್ಪಿಕೊಂಡರು. ಬಹುಕಾಲ ಎದುರುಬದುರಾಗಿ ನಿಂತವರು ರಾಜ್ಯದ ಕೊನೆಯ ದಿನಗಳಲ್ಲಿ ಒಂದೇ ತೀರ್ಮಾನಕ್ಕೆ ಬಂದುದು ಹೀಗೆ.

1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ ಜಹೀರಾಬಾದು, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದವು. ರಾಯರು ಕೇರಳದ ರಾಜ್ಯಪಾಲರಾಗಿ ತೆರಳಿದರು; 1967ರಲ್ಲಿ ತೀರಿಕೊಂಡರು. ಸ್ವಾಮಿಗಳು 1972ರ ಜನವರಿ 22ರಂದು ಹೈದರಾಬಾದಿನಲ್ಲಿ ದೇಹವಿಟ್ಟರು.

ಸಿಂದಗಿಯಲ್ಲಿ ಹುಟ್ಟಿದ ಈ ಯತಿಯ ಹೆಸರನ್ನು ಇಂದು ನಾಂದೇಡದ ವಿಶ್ವವಿದ್ಯಾಲಯ ಹೊತ್ತಿದೆ. ನಮ್ಮ ಕಡೆಯ ಮಕ್ಕಳಾದರೋ ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜಕ್ಕೆ ವಂದಿಸಿ ಮನೆಗೆ ಮರಳುತ್ತಾರೆ. ಅವರಲ್ಲಿ ಎಷ್ಟು ಮಂದಿ ಈ ಹೆಸರನ್ನು ಬಲ್ಲರು? ಇಬ್ಬರು ಹಿರಿಯರ ಜಗಳವನ್ನೂ ಮುಚ್ಚಿಡದೆ ಅವರಿಗೆ ಹೇಳಬೇಕು. ದಾರಿಗಾಗಿ ಕಾದಾಡಿದವರು ಗುರಿಯನ್ನು ಮರೆಯಲಿಲ್ಲವೆಂಬುದನ್ನು ಆಗ ಅವರು ತಾವಾಗಿಯೇ ಕಂಡುಕೊಂಡಾರು.