ಟ್ಯಾರೋ ಎಲೆಗಳಿಗೆ ಮುಖ ಕೊಟ್ಟ ಚಿತ್ರಗಾರ್ತಿ

ಮದುವೆ, ನೌಕರಿ, ವ್ಯಾಪಾರದ ನಷ್ಟ, ಹೀಗೆ ಯಾವುದಾದರೊಂದು ಚಿಂತೆಯನ್ನು ಹೊತ್ತು ಟ್ಯಾರೋ ಓದುವವರ ಮುಂದೆ ಕುಳಿತವರು ಭವಿಷ್ಯವನ್ನು ಕೇಳುವುದಕ್ಕೆ ಮೊದಲು ಚಿತ್ರವನ್ನು ನೋಡುತ್ತಾರೆ. ಬಂಡೆಯ ಅಂಚಿನಲ್ಲಿ ಆಕಾಶ ನೋಡುತ್ತ ನಿಂತ ಯುವಕ, ಬಿಳಿ ಕುದುರೆಯೇರಿ ಬರುವ ಅಸ್ಥಿಪಂಜರ, ಮೂರು ಖಡ್ಗಗಳು ನಾಟಿದ ಹೃದಯ. ಓದುವವರು ಹೇಳುವ ಅರ್ಥದ ಬಹುಪಾಲು ಈ ಚಿತ್ರಗಳಿಂದಲೇ ಹುಟ್ಟುತ್ತದೆ. ಆದರೆ ಇವನ್ನು ಬರೆದವರು ಯಾರೆಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಬಹುಕಾಲ ಈ ಕಟ್ಟು ಎರಡೇ ಹೆಸರುಗಳಿಂದ ಪ್ರಸಿದ್ಧವಾಗಿತ್ತು: ಪ್ರಕಾಶಕ ರೈಡರ್ ಮತ್ತು ಯೋಜಕ ವೇಟ್. ಎಪ್ಪತ್ತೆಂಟೂ ಎಲೆಗಳನ್ನು ಚಿತ್ರಿಸಿದ ಪಮೇಲಾ ಕೋಲ್ಮನ್ ಸ್ಮಿತ್ ಅವರ ಹೆಸರಿಗೆ ಅಲ್ಲಿ ಸ್ಥಾನವಿರಲಿಲ್ಲ.

ಟ್ಯಾರೋ ಹುಟ್ಟಿದ್ದು ಕಣಿ ಹೇಳುವುದಕ್ಕಲ್ಲ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಅದು ಇಸ್ಪೀಟಿನಂತಹ ಒಂದು ಆಟ. ನಮ್ಮ ಮೈಸೂರಿನ ಗಂಜೀಫಾದಂತೆ, ಅರಮನೆಗಳಿಗಾಗಿ ಕೈಯಿಂದಲೇ ಬಣ್ಣ ತುಂಬಿದ ಎಲೆಗಳೂ ಆಗ ಇದ್ದವು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸ ಈ ಎಲೆಗಳಲ್ಲಿ ಪುರಾತನ ಈಜಿಪ್ಟಿನ ಅರ್ಚಕರ ಗುಪ್ತಜ್ಞಾನ ಅಡಗಿದೆಯೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೊನ್ ಬಿಡಿಸಿದ್ದು 1822ರಲ್ಲಿ. ಅಂದರೆ, ಆ ಲಿಪಿಯನ್ನು ಯಾರೂ ಓದಲಾರದಿದ್ದ ಕಾಲದಲ್ಲಿ ಕಟ್ಟಿದ ಊಹೆ ಇದು. ಆದರೂ ಊಹೆ ಬೇರೂರಿತು. ಆಟದ ಎಲೆ ಕಣಿಯ ಎಲೆಯಾಯಿತು. ಆ ಎಲೆಗೆ ಇಂದಿನ ಮುಖ ಬಂದದ್ದು ಮಾತ್ರ 20ನೇ ಶತಮಾನದ ಆರಂಭದಲ್ಲಿ.

ಪಮೇಲಾ ಹುಟ್ಟಿದ್ದು 1878ರ ಫೆಬ್ರವರಿ 16ರಂದು, ಲಂಡನ್ನಿನಲ್ಲಿ. ತಂದೆತಾಯಿ ಅಮೆರಿಕದವರು. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಮ್ಯಾಂಚೆಸ್ಟರ್‌ನಿಂದ ಜಮೈಕಾ ದ್ವೀಪಕ್ಕೆ ಹೋಗಿ ನೆಲೆಸಿತು. ಅಲ್ಲಿ ಆಫ್ರಿಕಾ ಮೂಲದ ಜನರ ಬಾಯಲ್ಲಿ ಕೇಳಿದ ಅನಾನ್ಸಿ ಎಂಬ ಜಾಣ ಜೇಡನ ಕಥೆಗಳು ಬಾಲಕಿಯ ಮನಸ್ಸಿನಲ್ಲಿ ಉಳಿದವು. 1893ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಸಂಸ್ಥೆಯಲ್ಲಿ ಚಿತ್ರಕಲೆ ಕಲಿಯಲು ಸೇರಿದ ಅವರು, 1897ರಲ್ಲಿ ಪದವಿಯಿಲ್ಲದೆಯೇ ಹೊರಬಂದರು. 1899ರಲ್ಲಿ ಅನಾನ್ಸಿ ಕಥೆಗಳನ್ನು ತಮ್ಮದೇ ಚಿತ್ರಗಳೊಂದಿಗೆ ಪ್ರಕಟಿಸಿದರು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಅದೇ ವರ್ಷ ತಂದೆಯೂ ಇಲ್ಲವಾದರು. ಇಪ್ಪತ್ತೊಂದರ ವಯಸ್ಸಿನಲ್ಲಿ ಕುಂಚವೊಂದೇ ಅವರ ಜೀವನಾಧಾರವಾಯಿತು.

ಲಂಡನ್ನಿಗೆ ಮರಳಿದ ಪಮೇಲಾ ಅವರಿಗೆ ಆಶ್ರಯವಾದದ್ದು ರಂಗಭೂಮಿ. ಹೆಸರಾಂತ ನಟಿ ಎಲೆನ್ ಟೆರಿ ಅವರ ಬಳಗಕ್ಕೆ ಸೇರಿ ವೇಷಭೂಷಣ, ರಂಗಸಜ್ಜಿಕೆಗಳ ಕೆಲಸ ಕಲಿತರು. ಪುಟ್ಟ ಆಟಿಕೆ ರಂಗಮಂದಿರ ನಿರ್ಮಿಸಿ ನಾಟಕ ಆಡಿಸುವುದು ಅವರ ಹವ್ಯಾಸ. ಕವಿ ಯೇಟ್ಸ್ ಅವರ ಸ್ನೇಹವೂ ದೊರೆಯಿತು. 1903ರಲ್ಲಿ ಅವರು ಆರಂಭಿಸಿದ ‘ದಿ ಗ್ರೀನ್ ಶೀಫ್’ ಎಂಬ ಪತ್ರಿಕೆ ಹದಿಮೂರು ಸಂಚಿಕೆಗಳ ನಂತರ ನಿಂತುಹೋಯಿತು. ಸಂಗೀತ ಕೇಳುತ್ತಿರುವಾಗ ಕಣ್ಣಿಗೆ ಕಟ್ಟಿದ ರೂಪಗಳನ್ನು ಚಿತ್ರಿಸುವುದು ಅವರ ವೈಶಿಷ್ಟ್ಯವಾಗಿತ್ತು. 1907ರ ಜನವರಿಯಲ್ಲಿ, ಛಾಯಾಗ್ರಹಣಕ್ಕೆಂದೇ ಮೀಸಲಾಗಿದ್ದ ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ ಗ್ಯಾಲರಿಯಲ್ಲಿ ಮೊದಲ ಬಾರಿಗೆ ಚಿತ್ರಕಲೆಯ ಪ್ರದರ್ಶನ ನಡೆಯಿತು. ಆ ಗೌರವ ಸಂದದ್ದು ಪಮೇಲಾ ಅವರಿಗೆ. ರೋದಾನ್ ಮತ್ತು ಮತೀಸ್ ಅವರ ಕೃತಿಗಳು ಅಲ್ಲಿಗೆ ಬಂದದ್ದು ಅನಂತರ. ಹೆಸರು ಬಂತು, ಹಣ ಮಾತ್ರ ಬರಲಿಲ್ಲ.

ಇದಕ್ಕೂ ಮೊದಲೇ, 1901ರಲ್ಲಿ, ಅವರು ‘ಗೋಲ್ಡನ್ ಡಾನ್’ ಎಂಬ ಗುಪ್ತವಿದ್ಯಾ ಸಂಘಕ್ಕೆ ಸೇರಿದ್ದರು. ಆರ್ಥರ್ ಎಡ್ವರ್ಡ್ ವೇಟ್ ಅವರ ಪರಿಚಯವಾದದ್ದು ಈ ವಲಯದಲ್ಲಿ. ಟ್ಯಾರೋದ ಹೊಸ ಕಟ್ಟೊಂದನ್ನು ರೂಪಿಸಬೇಕೆಂದಿದ್ದ ವೇಟ್ 1909ರಲ್ಲಿ ಚಿತ್ರಗಳ ಹೊಣೆಯನ್ನು ಪಮೇಲಾ ಅವರಿಗೆ ಒಪ್ಪಿಸಿದರು. ಕೆಲವೇ ತಿಂಗಳಲ್ಲಿ 78 ಚಿತ್ರಗಳು ಸಿದ್ಧವಾದವು. ಆ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನ ವಿಲಿಯಂ ರೈಡರ್ ಅಂಡ್ ಸನ್ ಸಂಸ್ಥೆ ಅವುಗಳನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿ ಪಮೇಲಾ ಅವರ ಕೊಡುಗೆ ಏನೆಂಬುದನ್ನು ವಿವರವಾಗಿ ನೋಡಬೇಕು. ಟ್ಯಾರೋ ಕಟ್ಟಿನಲ್ಲಿ ಮೂರ್ಖ, ಮಾಂತ್ರಿಕ, ನ್ಯಾಯ, ಮೃತ್ಯು, ಸೂರ್ಯ ಮುಂತಾದ 22 ಹಿರಿಯ ಎಲೆಗಳಿವೆ. ಉಳಿದ 56 ಕಿರಿಯ ಎಲೆಗಳು ದಂಡ, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಪಂಗಡಗಳಿಗೆ ಸೇರಿದವು. ದಂಡಕ್ಕೆ ಉತ್ಸಾಹ, ಬಟ್ಟಲಿಗೆ ಭಾವನೆ, ಖಡ್ಗಕ್ಕೆ ಬುದ್ಧಿ ಮತ್ತು ಸಂಘರ್ಷ, ನಾಣ್ಯಕ್ಕೆ ದುಡಿಮೆ ಮತ್ತು ಸಂಪತ್ತು ಎಂದು ಸ್ಥೂಲವಾಗಿ ಅರ್ಥ ಹೇಳುತ್ತಾರೆ. ಆದರೆ ಅಲ್ಲಿಯವರೆಗೆ ಬಳಕೆಯಲ್ಲಿದ್ದ ಕಟ್ಟುಗಳಲ್ಲಿ ಐದು ನಾಣ್ಯದ ಎಲೆಯೆಂದರೆ ಬರೀ ಐದು ನಾಣ್ಯಗಳ ಗುರುತು. ಅದರ ಅರ್ಥವನ್ನು ಪುಸ್ತಕ ನೋಡಿ ಬಾಯಿಪಾಠ ಮಾಡಬೇಕಿತ್ತು. 15ನೇ ಶತಮಾನದ ಸೋಲಾ ಬುಸ್ಕಾ ಎಂಬ ಇಟಲಿಯ ಕಟ್ಟು ಇದಕ್ಕೊಂದು ಅಪವಾದ. ಅದರ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಪಮೇಲಾ ಅವರ ಕೆಲವು ಎಲೆಗಳಲ್ಲಿ ಅದರ ಛಾಯೆ ಸ್ಪಷ್ಟವಾಗಿ ಕಾಣುತ್ತದೆ.

ಹಿರಿಯ ಎಲೆಗಳ ವಿಷಯದಲ್ಲಿ ವೇಟ್ ನಿಖರ ಸೂಚನೆಗಳನ್ನು ಕೊಟ್ಟರೆಂದೂ, ಕಿರಿಯ ಎಲೆಗಳನ್ನು ಬಹುಮಟ್ಟಿಗೆ ಚಿತ್ರಗಾರ್ತಿಯ ಕಲ್ಪನೆಗೇ ಬಿಟ್ಟರೆಂದೂ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಪಮೇಲಾ ಒಂದೊಂದು ಅಂಕಿಯ ಎಲೆಯನ್ನೂ ಒಂದೊಂದು ನಾಟಕದ ದೃಶ್ಯವಾಗಿಸಿದರು. ಐದು ನಾಣ್ಯದ ಎಲೆಯಲ್ಲಿ ಹಿಮ ಸುರಿಯುತ್ತಿದೆ. ಬೆಳಗುತ್ತಿರುವ ಚರ್ಚಿನ ಕಿಟಕಿಯ ಕೆಳಗೆ ಹರಕು ಬಟ್ಟೆಯ ಇಬ್ಬರು ಬಡವರು, ಅವರಲ್ಲೊಬ್ಬ ಊರುಗೋಲಿನ ಮೇಲೆ, ಹಾದುಹೋಗುತ್ತಿದ್ದಾರೆ. ಆರು ನಾಣ್ಯದ ಎಲೆಯಲ್ಲಿ ವರ್ತಕನೊಬ್ಬ ಒಂದು ಕೈಯಲ್ಲಿ ತಕ್ಕಡಿ ಹಿಡಿದು, ಇನ್ನೊಂದು ಕೈಯಿಂದ ಮಂಡಿಯೂರಿದವರಿಗೆ ಹಣ ಕೊಡುತ್ತಿದ್ದಾನೆ. ಎಂಟು ನಾಣ್ಯದ ಎಲೆಯಲ್ಲಿ ಕುಶಲಕರ್ಮಿಯೊಬ್ಬ ಬೆಂಚಿನ ಮೇಲೆ ಕುಳಿತು ಕೆತ್ತನೆಯಲ್ಲಿ ಮುಳುಗಿದ್ದಾನೆ. ಬಡತನ, ದಾನ, ದುಡಿಮೆ ಈ ಮೂರನ್ನೂ ಅಕ್ಷರ ಬಾರದವರೂ ಇಲ್ಲಿ ಓದಿಕೊಳ್ಳಬಹುದು. ದಾನದ ಚಿತ್ರದಲ್ಲಿ ತಕ್ಕಡಿಯೂ ಇರುವುದು ಅರ್ಥಶಾಸ್ತ್ರದ ವಿದ್ಯಾರ್ಥಿಯ ಗಮನವನ್ನು ವಿಶೇಷವಾಗಿ ಸೆಳೆಯುತ್ತದೆ.

ಹಾಗಾದರೆ ಎಲೆಗಳು ಭವಿಷ್ಯವನ್ನು ಬಲ್ಲವೇ? ಕಲಸಿದ ಕಟ್ಟಿನಿಂದ ನಿರ್ದಿಷ್ಟ ಎಲೆಯೊಂದು ಮೊದಲಿಗೆ ಬರುವ ಸಂಭವ 78ರಲ್ಲಿ ಒಂದು. ಅದರಾಚೆಗೆ ಎಲೆಗೆ ಯಾವ ಅರಿವೂ ಇಲ್ಲ. ಆದರೆ ಚಿತ್ರ ನೋಡಿದವನ ಮನಸ್ಸಿನಲ್ಲಿ ಒಂದು ಕಥೆ ಹುಟ್ಟುತ್ತದೆ. ಅದರಲ್ಲಿ ಅವನ ಭಯ, ಆಸೆಗಳು ಹೊರಬರುತ್ತವೆ. ಮೃತ್ಯುವಿನ ಎಲೆಯನ್ನೇ ನೋಡಿ. ಕುದುರೆಯ ಕಾಲ ಬಳಿ ದೊರೆ ಉರುಳಿದ್ದಾನೆ, ಮುಂದೆ ಧರ್ಮಗುರು ನಿಂತಿದ್ದಾನೆ, ಮಗುವೊಂದು ಮಂಡಿಯೂರಿದೆ, ದೂರದ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಅನುಭವಿ ಓದುಗರು ಇದನ್ನು ಸಾವೆಂದು ಹೇಳದೆ, ಒಂದು ಘಟ್ಟ ಮುಗಿದು ಇನ್ನೊಂದು ತೊಡಗುವ ಸೂಚನೆಯೆಂದು ವಿವರಿಸುತ್ತಾರೆ. ಆ ವಿವರಣೆಗೆ ಎಡೆ ಮಾಡಿಕೊಡುವುದು ಚಿತ್ರದಲ್ಲಿರುವ ಸೂರ್ಯ. ಅರ್ಥಕ್ಕೆ ಚಿತ್ರವೇ ಆಧಾರವಾದ ಮೇಲೆ, ಚಿತ್ರ ಬರೆದವರೂ ಅರ್ಥದ ಕರ್ತೃಗಳೇ ಅಲ್ಲವೇ?

ಈ ಕೆಲಸಕ್ಕೆ ಪಮೇಲಾ ಅವರಿಗೆ ಸಿಕ್ಕಿದ್ದು ಒಂದೇ ಗಂಟಿನಲ್ಲಿ ಕೊಟ್ಟ ಅಲ್ಪ ಹಣ. ದೊಡ್ಡ ಕೆಲಸಕ್ಕೆ ಸಣ್ಣ ಸಂಭಾವನೆ ಬಂದಿತೆಂದು ಅದೇ ನವೆಂಬರ್‌ನಲ್ಲಿ ಅವರು ಸ್ಟೀಗ್ಲಿಟ್ಸ್ ಅವರಿಗೆ ತಿಳಿಸಿದ್ದರು. ಮಾರಾಟದ ಮೇಲೆ ರಾಯಲ್ಟಿ ಇರಲಿಲ್ಲ. ಇದನ್ನು ಮೋಸವೆನ್ನಲಾಗದು, ಎಲೆಗಳು ಓಡುತ್ತವೆಯೋ ಇಲ್ಲವೋ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ, ನಷ್ಟದ ಹೊಣೆ ಪ್ರಕಾಶಕರದ್ದಾಗಿತ್ತು. ಆದರೆ ಹಣದ ಒಪ್ಪಂದ ಬೇರೆ, ಹೆಸರಿನ ಹಕ್ಕು ಬೇರೆ. ಕರಡು ಬರೆದ ಗುಮಾಸ್ತನ ಹೆಸರು ಆದೇಶದಲ್ಲಿ ಕಾಣದಿರುವುದು ಸರ್ಕಾರಿ ಕಚೇರಿಗಳಲ್ಲಿ ಸಹಜ. ಕಲಾಕೃತಿಗೆ ಆ ನ್ಯಾಯ ಸಲ್ಲದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮು, ಹಕ್ಕನ್ನು ಮಾರಿದ ನಂತರವೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಉಳಿಸಿಕೊಟ್ಟಿರುವುದು ಈ ಕಾರಣಕ್ಕಾಗಿಯೇ.

1911ರಲ್ಲಿ ಪಮೇಲಾ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು. ಮಹಿಳೆಯರ ಮತದಾನದ ಹಕ್ಕಿನ ಚಳವಳಿಗಾಗಿ ಭಿತ್ತಿಪತ್ರಗಳನ್ನು ರಚಿಸಿದರು. ಮೊದಲ ಮಹಾಯುದ್ಧದ ನಂತರ ಬಂಧುವೊಬ್ಬರಿಂದ ಬಂದ ಆಸ್ತಿಯ ನೆರವಿನಿಂದ ಕಾರ್ನ್‌ವಾಲ್‌ನಲ್ಲಿ ಮನೆ ಮಾಡಿ, ಕ್ಯಾಥೊಲಿಕ್ ಪಾದ್ರಿಗಳಿಗಾಗಿ ವಿಶ್ರಾಂತಿಧಾಮ ನಡೆಸಿದರು. ಕಲಾಲೋಕ ಅವರನ್ನು ಮರೆತಿತ್ತು. 1951ರ ಸೆಪ್ಟೆಂಬರ್ 18ರಂದು, ಬ್ಯೂಡ್ ಎಂಬ ಕಡಲತೀರದ ಊರಿನಲ್ಲಿ, 73ನೇ ವಯಸ್ಸಿನಲ್ಲಿ ನಿಧನರಾದಾಗ ಸಾಲವಷ್ಟೇ ಉಳಿದಿತ್ತು. ತಮ್ಮದನ್ನೆಲ್ಲ ಜೊತೆಯಲ್ಲಿ ಬಾಳಿದ ಗೆಳತಿಗೆಂದು ಬರೆದಿಟ್ಟಿದ್ದರೂ, ಚಿತ್ರಗಳೂ ಸಾಮಾನುಗಳೂ ಸಾಲ ತೀರಿಸಲು ಹರಾಜಾದವು. ಅವರ ಸಮಾಧಿಗೊಂದು ಗುರುತಿನ ಕಲ್ಲೂ ಇಲ್ಲ.

1970ರ ದಶಕದಲ್ಲಿ ಅಮೆರಿಕದಲ್ಲಿ ಮರುಮುದ್ರಣಗೊಂಡ ಮೇಲೆ ಈ ಕಟ್ಟು ಜಗತ್ತಿನಾದ್ಯಂತ ಹರಡಿತು. ಅನಂತರ ಬಂದ ಅಸಂಖ್ಯ ಟ್ಯಾರೋ ಕಟ್ಟುಗಳಿಗೆ ಇವೇ ಚಿತ್ರಗಳು ಮಾದರಿ. 2009ರಲ್ಲಿ, ಶತಮಾನೋತ್ಸವದ ಸಂದರ್ಭದಲ್ಲಿ, ಸ್ಮಿತ್ ಹೆಸರನ್ನು ವೇಟ್ ಹೆಸರಿಗಿಂತ ಮುಂದಿಟ್ಟ ಆವೃತ್ತಿ ಹೊರಬಂತು. 2018ರಲ್ಲಿ ಅವರ ಬದುಕನ್ನು ಕುರಿತ ವಿಸ್ತಾರವಾದ ಗ್ರಂಥ ಪ್ರಕಟವಾಯಿತು. ನ್ಯಾಯ ತಡವಾಗಿ ಬಂತು, ಅದೂ ಅರ್ಧ. ಆದರೆ ಪಮೇಲಾ ಅವರು ಸಾಕ್ಷ್ಯವನ್ನು ಮೊದಲೇ ಬಿಟ್ಟುಹೋಗಿದ್ದರು. ಅವರ ಚಿತ್ರಗಳ ಮೂಲೆಯಲ್ಲಿ, ಹಾವಿನಂತೆ ಹೆಣೆದುಕೊಂಡ ಮೂರು ಅಕ್ಷರಗಳ ಸಹಿಯೊಂದಿದೆ. ಪೆಟ್ಟಿಗೆಯ ಮೇಲೆ ಸಿಗದ ಜಾಗವನ್ನು ಅವರು ಎಲೆಯೊಳಗೆ ಪಡೆದುಕೊಂಡಿದ್ದರು. ಭವಿಷ್ಯ ಕೇಳಲು ಕುಳಿತವರು ಒಮ್ಮೆ ಆ ಮೂಲೆಯನ್ನೂ ನೋಡಿದರೆ, ಸಲ್ಲಬೇಕಾದ ಕೂಲಿಯಲ್ಲಿ ಕಿಂಚಿತ್ತಾದರೂ ಸಂದಂತಾಗುತ್ತದೆ.