ವೆಲ್ಲೂರಿನ ಡಾ. ಐಡಾ ಸ್ಕಡರ್

ಚೆನ್ನೈಗೆ ಬಂದ ಹೊಸತರಲ್ಲಿ, ಕಾಯಿಲೆ ವಾಸಿಯಾಗದಿದ್ದರೆ ವೆಲ್ಲೂರಿಗೆ ಹೋಗಿ ಎನ್ನುವ ಮಾತನ್ನು ನಾನು ಪದೇ ಪದೇ ಕೇಳುತ್ತಿದ್ದೆ. ಆ ಆಸ್ಪತ್ರೆಯ ಹಿಂದೆ ಒಬ್ಬ ಹೆಣ್ಣುಮಗಳ ಇಡೀ ಬದುಕಿದೆ ಎಂದು ತಿಳಿದದ್ದು ಆಮೇಲೆ.

ಡಾ. ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ, ಅಮೆರಿಕದ ವೈದ್ಯ ಮಿಷನರಿಗಳ ಮನೆತನದಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಬರಗಾಲ ಕಂಡಿದ್ದ ಅವರಿಗೆ ಇಲ್ಲಿ ನೆಲೆಸುವ ಮನಸ್ಸಿರಲಿಲ್ಲ. ಕಾಯಿಲೆಯಲ್ಲಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಬಂದು, ಹೆರಿಗೆಯಲ್ಲಿ ನರಳುತ್ತಿದ್ದ ತಮ್ಮ ಹೆಂಡಿರಿಗೆ ನೆರವು ಬೇಡಿದರು. ವೈದ್ಯರಾದ ತಂದೆ ಬರುತ್ತಾರೆಂದರೆ, ಪರಪುರುಷ ಬೇಡವೆಂದು ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡಿದ್ದರು.

ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಡಾಕ್ಟರಾದರು. ಮರುವರ್ಷ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು, 1902ರಲ್ಲಿ ಆಸ್ಪತ್ರೆಯಾಯಿತು. ಆದರೆ ಕೂಲಿ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಹಳ್ಳಿಯವರು ಅಷ್ಟು ದೂರ ಹೇಗೆ ಬಂದಾರು? ಐಡಾ ಅವರೇ ಗುಡಿಯಾತ್ತಂ ರಸ್ತೆಯಲ್ಲಿ ಮೊದಲು ಎತ್ತಿನ ಗಾಡಿಯಲ್ಲಿ, ಮುಂದೆ ಕಾರಿನಲ್ಲಿ ಹೋಗಿ, ಮರದಡಿ ನಿಂತು ಮದ್ದು ಕೊಟ್ಟರು.

ಒಬ್ಬಳಿಂದ ಎಷ್ಟಾದೀತು ಎಂದು 1909ರಲ್ಲಿ ನರ್ಸ್‌ಗಳ ಶಾಲೆಯನ್ನೂ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನೂ ಕಟ್ಟಿದರು. 1922ರಲ್ಲಿ ಮೊದಲ ತಂಡದ 14 ಹೆಣ್ಣುಮಕ್ಕಳು ಡಾಕ್ಟರರಾಗಿ ಹೊರಬಂದರು.

ಅವರು ಮದುವೆಯಾಗಲಿಲ್ಲ, 1960ರಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡರು. ಹೆರಿಗೆ ವಾರ್ಡಿನಲ್ಲಿ ಲೇಡಿ ಡಾಕ್ಟರನ್ನು ಕಂಡಾಗ ನನಗೆ ಐಡಾ ನೆನಪಾಗುತ್ತಾರೆ; ಅವರ ಜೊತೆಗೆ, ಆ ರಾತ್ರಿ ಉಳಿಯದೇ ಹೋದ ಮೂವರು ತಾಯಂದಿರೂ.