ಕೌಶಿಕ ಕಾಣದ ಚೆಲುವು

ಅಕ್ಕಮಹಾದೇವಿಯ ಹೆಸರು ಕೇಳದ ಕನ್ನಡಿಗರಿಲ್ಲ. ಕನ್ನಡ ಮೀಡಿಯಂನಲ್ಲಿ ಓದುವಾಗ ಆಕೆಯ ಚರಿತ್ರೆಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ದಿಲ್ಲಿಗೆ ಬಂದ ಮೇಲೆ ನನಗೆ ಅದರಲ್ಲಿ ಬೇರೆಯೇ ಅರ್ಥ ಕಾಣುತ್ತಿದೆ.

ಕಾಲ 12ನೇ ಶತಮಾನ. ಊರು ಈಗಿನ ಶಿವಮೊಗ್ಗ ಜಿಲ್ಲೆಯ ಉಡುತಡಿ. ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂದು ಪ್ರತೀತಿ. ಹುಡುಗಿಯ ಮನಸ್ಸೆಲ್ಲ ಚೆನ್ನಮಲ್ಲಿಕಾರ್ಜುನನ ಮೇಲೆ. ಅರಸ ಕೌಶಿಕನಿಗೆ ಮಾತ್ರ ಕಂಡದ್ದು ಆಕೆಯ ರೂಪ ಒಂದೇ. ಮೂರು ಷರತ್ತು ಹಾಕಿ ಮದುವೆಯಾದಳು, ಅವನು ಮೂರನ್ನೂ ಮುರಿದ ಅಂತ ಹರಿಹರ ಕವಿ ಹೇಳುತ್ತಾನೆ. ಮದುವೆಯೇ ಆಗಲಿಲ್ಲ ಅನ್ನುವವರೂ ಇದ್ದಾರೆ. ಅಂತೂ ಆಕೆ ಅರಮನೆ, ಒಡವೆ, ಉಟ್ಟ ಬಟ್ಟೆ ಎಲ್ಲವನ್ನೂ ಬಿಟ್ಟು, ಕೂದಲನ್ನೇ ಹೊದ್ದು ಹೊರಟಳು.

ಒಳಗಿನ ಚೆಲುವು ಮುಖ್ಯ ಅನ್ನೋ ಮಾತನ್ನು ನಾವು ಸಾಧಾರಣ ರೂಪದವರಿಗೆ ಸಮಾಧಾನವಾಗಿ ಹೇಳ್ತೀವಿ. ಅಕ್ಕನಿಗಾದರೋ ರೂಪವೇ ಶತ್ರುವಾಯಿತು. ಹೋದ ವರ್ಷ ನಮ್ಮ ಮಯೂರ್ ವಿಹಾರದ ಮನೆಗೆ ನನ್ನ ಅಕ್ಕನನ್ನು ನೋಡಲು ಬಂದವರು, ಕೇಸರಿಬಾತು ತಿಂದು, ಬಣ್ಣ ಸ್ವಲ್ಪ ಕಡಿಮೆ ಅಂತ ಹೇಳಿಕಳಿಸಿದರು. ಅವಳು ಓದಿದ ಎಂ.ಎ. ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕೌಶಿಕ ಮೆಚ್ಚಿದ, ಇವರು ಮೆಚ್ಚಲಿಲ್ಲ. ಇಬ್ಬರೂ ಚರ್ಮದಾಚೆ ನೋಡಲಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ಫೇರ್ ಅನ್ನೋದನ್ನು ತೆಗೆದು ಗ್ಲೋ ಅಂತ ಸೇರಿಸಿಕೊಂಡಿತು. ನೋಡುವ ಕಣ್ಣು ಬದಲಾಗಬೇಕಲ್ಲ!

ಕಲ್ಯಾಣದಲ್ಲಿ ಅಲ್ಲಮಪ್ರಭು ಆಕೆಯನ್ನು ಸುಲಭವಾಗಿ ಒಪ್ಪಲಿಲ್ಲ. ದೇಹಭಾವ ಹೋಗಿದ್ದರೆ ಕೂದಲ ಮರೆ ಏಕೆ ಎಂದು ಕೆಣಕಿದ. ಅದು ತನಗಾಗಿ ಅಲ್ಲ, ನೋಡುವವರ ಮನಸ್ಸು ಕದಡಬಾರದೆಂದು ಎಂಬುದು ಆಕೆಯ ಉತ್ತರದ ಸಾರ. ಆ ಸಭೆ ತಲೆಬಾಗಿತು. ವಯಸ್ಸಿನಲ್ಲಿ ಕಿರಿಯಳನ್ನು ಹಿರಿಯ ಶರಣರೇ ಅಕ್ಕ ಎಂದು ಕರೆದರು. ಅಲ್ಲಿ ಅಳೆದದ್ದು ಅರಿವನ್ನು.

ಹಾಗೆಂದು ಆಕೆ ಚೆಲುವನ್ನೇ ದ್ವೇಷಿಸಿದಳೆನ್ನಲಾಗದು. ಚೆನ್ನ ಎಂದರೇ ಚೆಲುವ. ವಚನ ವಚನದಲ್ಲೂ ಆ ಚೆಲುವನನ್ನೇ ಕರೆದಳು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ, ದೇಹಕ್ಕೆ ವರ್ಷವರ್ಷವೂ ಸವಕಳಿ ಇದೆ. ಆಕೆ ಸವಕಳಿಯಿಲ್ಲದ ಚೆಲುವನ್ನು ಹುಡುಕಿದಳು.

ಕೊನೆಗೆ ಶ್ರೀಶೈಲದ ಕದಳಿಯಲ್ಲಿ ಐಕ್ಯಳಾದಳೆಂದು ನಂಬಿಕೆ. ಎಂಟು ನೂರು ವರ್ಷ ಕಳೆದರೂ ಆಕೆಯ ವಚನಗಳನ್ನು ಹಾಡುತ್ತೇವೆ. ಕೌಶಿಕನ ಹೆಸರು ಜನರಿಗೆ ನೆನಪಿರುವುದು ಆಕೆಯ ಕತೆಯಲ್ಲಿ ಬರುವುದರಿಂದ ಮಾತ್ರ.